ಹೆಸರು ಮುಚ್ಚಿಟ್ಟ ಬಾಟಲಿ

ವೈನ್ ಎಂದರೆ ಫ್ರಾನ್ಸ್ ಎಂದು ಜಗತ್ತು ನಂಬಿದ್ದ ಕಾಲವೊಂದಿತ್ತು. ಅಲ್ಲಿನ ಬೋರ್ಡೋ ಪ್ರಾಂತದ ತಯಾರಕರನ್ನು 1855ರಲ್ಲೇ ಮೊದಲ ದರ್ಜೆ, ಎರಡನೆಯ ದರ್ಜೆ ಎಂದು ವಿಂಗಡಿಸಲಾಗಿತ್ತು. ಎರಡನೆಯ ದರ್ಜೆಯಲ್ಲಿದ್ದ ಮೂತಾಂ ರಾತ್‌ಶೀಲ್ಡ್‌ಗೆ ಮೊದಲ ದರ್ಜೆಗೆ ಬಡ್ತಿ ಸಿಕ್ಕಿದ್ದು 1973ರಲ್ಲಿ! ಒಮ್ಮೆ ಅಂಟಿದ ಹೆಸರು ಅಷ್ಟು ಗಟ್ಟಿಯಾಗಿತ್ತು.

ಆ ಹೆಸರಿನ ಬಲವನ್ನು ಅಲುಗಾಡಿಸಿದ್ದು ಒಂದು ಮಧ್ಯಾಹ್ನದ ಪರೀಕ್ಷೆ. ಪ್ಯಾರಿಸ್ಸಿನಲ್ಲಿ ವೈನ್ ಅಂಗಡಿ ನಡೆಸುತ್ತಿದ್ದ ಇಂಗ್ಲಿಷ್ ವರ್ತಕ ಸ್ಟೀವನ್ ಸ್ಪರಿಯರ್ ಮತ್ತು ಅವರ ಅಮೆರಿಕನ್ ಸಹೋದ್ಯೋಗಿ ಪೆಟ್ರೀಷಿಯಾ ಗ್ಯಾಲಗರ್ 1976ರ ಮೇ 24ರಂದು ಹೋಟೆಲೊಂದರಲ್ಲಿ ಅದನ್ನು ಏರ್ಪಡಿಸಿದರು. ಫ್ರಾನ್ಸಿನ ಒಂಬತ್ತು ಮಂದಿ ನುರಿತವರು ತೀರ್ಪುಗಾರರು. ಬಿಳಿ ವೈನ್ ಹತ್ತು, ಕೆಂಪು ವೈನ್ ಹತ್ತು. ಪ್ರತಿ ಹತ್ತರಲ್ಲೂ ನಾಲ್ಕು ಫ್ರಾನ್ಸಿನವು, ಆರು ಕ್ಯಾಲಿಫೋರ್ನಿಯದವು. ಯಾವುದು ಎಲ್ಲಿಯದೆಂಬ ಗುರುತನ್ನು ಮುಚ್ಚಿಡಲಾಗಿತ್ತು. ಪ್ರತಿಯೊಂದಕ್ಕೂ ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು.

ಅಲ್ಲಿದ್ದ ಒಬ್ಬನೇ ಪತ್ರಕರ್ತ 'ಟೈಮ್' ವಾರಪತ್ರಿಕೆಯ ಜಾರ್ಜ್ ಟೇಬರ್. ಅವರ ಕೈಯಲ್ಲಿ ಮಾತ್ರ ಹೆಸರುಗಳ ಪಟ್ಟಿ ಇತ್ತು. ತೀರ್ಪುಗಾರರೊಬ್ಬರು ಒಂದು ಬಿಳಿ ವೈನ್ ಸವಿದು, ಸದ್ಯ ಮತ್ತೆ ಫ್ರಾನ್ಸಿಗೆ ಬಂದಂತಾಯಿತು ಎಂದು ನಿಟ್ಟುಸಿರು ಬಿಟ್ಟರು. ಟೇಬರ್ ಪಟ್ಟಿ ನೋಡಿದರೆ ಅದು ಕ್ಯಾಲಿಫೋರ್ನಿಯದ ನಾಪಾ ಕಣಿವೆಯದು!

ಬಿಳಿಯದರಲ್ಲಿ ಕ್ಯಾಲಿಫೋರ್ನಿಯದ ಶಾತೋ ಮಾಂಟೆಲೀನಾ ಮೊದಲಾಯಿತು. ಕೆಂಪಿನ ಸರದಿ ಬರುವ ಮುನ್ನವೇ ಈ ಫಲಿತಾಂಶ ಪ್ರಕಟವಾದ್ದರಿಂದ ತೀರ್ಪುಗಾರರು ಎಚ್ಚರಗೊಂಡಿದ್ದರು. ಆದರೂ ಕೆಂಪಿನಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯದ ಸ್ಟ್ಯಾಗ್ಸ್ ಲೀಪ್‌ಗೇ ಹೋಯಿತು. ಮೂರು ವರ್ಷದ ಎಳೆಯ ಬಳ್ಳಿಗಳ ಹಣ್ಣಿನಿಂದ ಆದ ವೈನ್ ಅದು. ಬಡ್ತಿ ಪಡೆದ ಮೂತಾಂ ಎರಡನೆಯದು. ಫ್ರಾನ್ಸಿನ ವೈನ್ ಪತ್ರಿಕೆಯೊಂದರ ಸಂಪಾದಕಿ ಓಡೆಟ್ ಕಾನ್ ತಾವು ಅಂಕ ಬರೆದ ಹಾಳೆಯನ್ನೇ ವಾಪಸು ಕೇಳಿದರು. ಸ್ಪರಿಯರ್ ಕೊಡಲಿಲ್ಲ.

ಇಂಥ ಪರೀಕ್ಷೆಯ ಕ್ರಮ ಕಟ್ಟುನಿಟ್ಟಿನದು. ಎಲ್ಲಕ್ಕೂ ಒಂದೇ ಬಗೆಯ ಗಾಜಿನ ಲೋಟ. ಮೊದಲು ಬಣ್ಣ ನೋಡಬೇಕು, ಲೋಟವನ್ನು ತಿರುಗಿಸಿ ಪರಿಮಳ ಹಿಡಿಯಬೇಕು, ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ ಹುಳಿ, ಸಿಹಿ, ಒಗರುಗಳ ಹದ ಅಳೆಯಬೇಕು. ಬಳಿಕ ಉಗುಳಿಬಿಡಬೇಕು. ಅಮಲೇರಿದವರು ತೀರ್ಪು ಕೊಡಲಾರರು.

ಹೆಸರನ್ನೇಕೆ ಮುಚ್ಚಬೇಕು? ನಾಲಿಗೆಗಿಂತ ಮೊದಲು ಕಣ್ಣೇ ರುಚಿ ನೋಡಿಬಿಡುತ್ತದೆ. 2001ರಲ್ಲಿ ಪ್ರಕಟವಾದ ಬೋರ್ಡೋ ಪ್ರಯೋಗವೊಂದು ಇದನ್ನು ತೋರಿಸಿಕೊಟ್ಟಿತು. ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಡಲಾಯಿತು. ಕೆಂಪು ವೈನನ್ನು ಬಣ್ಣಿಸಲು ಬಳಸುವ ಮಾತುಗಳಲ್ಲೇ ಅವರು ಅದರ ಪರಿಮಳವನ್ನು ಬಣ್ಣಿಸಿದರು. ಅವರ ಮೂಗಿನಲ್ಲಿ ದೋಷವಿರಲಿಲ್ಲ. ಬಣ್ಣ ನೋಡಿದ ಮನಸ್ಸು ಉತ್ತರವನ್ನು ಮೊದಲೇ ಬರೆದುಕೊಂಡಿತ್ತು.

ಹಾಗಾದರೆ ಹೆಸರು ಮುಚ್ಚಿದೊಡನೆ ಎಲ್ಲವೂ ಸರಿಹೋಯಿತೆ? ಅದೂ ಇಲ್ಲ. ಕ್ಯಾಲಿಫೋರ್ನಿಯದ ರಾಬರ್ಟ್ ಹಾಡ್ಜ್‌ಸನ್ ಅಲ್ಲಿನ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ತೀರ್ಪುಗಾರರನ್ನೇ ಪರೀಕ್ಷೆಗೆ ಒಡ್ಡಿದರು. ಹಲವು ವೈನ್‌ಗಳ ನಡುವೆ ಒಂದೇ ಬಾಟಲಿಯದನ್ನು ಮೂರು ಸಲ, ಅವರಿಗೆ ತಿಳಿಯದಂತೆ ಕೊಡಿಸಿದರು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ತೀರ್ಪು ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ ಎಂದು 2008ರಲ್ಲಿ ಅವರು ಪ್ರಕಟಿಸಿದರು. ಒಂದೇ ನಾಲಿಗೆ, ಒಂದೇ ದಿನ, ಒಂದೇ ಬಾಟಲಿ. ಅಂಕ ಮಾತ್ರ ಬೇರೆ ಬೇರೆ.

ಸಾರ್ವಜನಿಕ ಪರೀಕ್ಷೆ ಬರೆದ ಮಕ್ಕಳಿಗೂ ಅವರ ಹೆತ್ತವರಿಗೂ ಈ ಕಥೆ ಹತ್ತಿರದ್ದು. ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆ ಇರುವುದು ಪ್ಯಾರಿಸ್ಸಿನಲ್ಲಿ ಗುರುತು ಮುಚ್ಚಿದ ಕಾರಣಕ್ಕೇ. ಬರೆದವನು ಯಾರ ಮಗ, ಯಾವ ಶಾಲೆಯವನು ಎಂಬುದು ಅಂಕ ಕೊಡುವವರ ಕಣ್ಣಿಗೆ ಬೀಳಬಾರದು. ಮರುಮೌಲ್ಯಮಾಪನಕ್ಕೆ ಅವಕಾಶ ಇರುವುದು ಹಾಡ್ಜ್‌ಸನ್ ಕಂಡುಕೊಂಡಂಥ ಕಾರಣಕ್ಕೆ. ಎಷ್ಟೇ ಪ್ರಾಮಾಣಿಕರಾದರೂ ಮನುಷ್ಯರ ತಕ್ಕಡಿ ತುಸು ಓಲಾಡುತ್ತದೆ. ಆದ್ದರಿಂದ ನಾಲ್ಕು ಅಂಕ ಹೆಚ್ಚು ಬಂದಾಗ ಬೀಗುವುದೂ, ನಾಲ್ಕು ಕಡಿಮೆಯಾದಾಗ ಊಟ ಬಿಟ್ಟು ಕೂರುವುದೂ ಎರಡೂ ತಪ್ಪು ಲೆಕ್ಕವೇ.

ಮನೆಯೊಳಗಿನ ತೀರ್ಪಿಗೆ ಮಾತ್ರ ಸಂಖ್ಯೆಯ ಮುಸುಕಿಲ್ಲ. ಪಕ್ಕದ ಮನೆಯ ಹುಡುಗ ಹೆಸರಾಂತ ಕಾಲೇಜು ಸೇರಿದನೆಂದೊಡನೆ ಅವನು ಜಾಣನಾಗಿಬಿಡುತ್ತಾನೆ. ಊರಿನ ಸರ್ಕಾರಿ ಕಾಲೇಜಿಗೆ ಹೊರಟ ಮಗಳು ಏನು ಕಲಿತಳೆಂದು ಕೇಳುವವರಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. 1976ರಲ್ಲಿ ಆ ಒಂಬತ್ತು ಮಂದಿಗೆ ಚೀಟಿ ಕಾಣುವಂತೆ ಬಾಟಲಿ ಇಟ್ಟಿದ್ದರೆ ಮೂರು ವರ್ಷದ ಬಳ್ಳಿಯ ರಸ ಗೆಲ್ಲುತ್ತಿತ್ತೆ? ಮಕ್ಕಳ ಬಗ್ಗೆ ತೀರ್ಪು ಕೊಡುವ ಮುನ್ನ ಹೆತ್ತವರು ಒಂದು ಗಳಿಗೆ ಆ ಚೀಟಿಯ ಮೇಲೆ ಕೈ ಅಡ್ಡ ಹಿಡಿದು ನೋಡಬಹುದು.