ಹಳೆಯ ಸಿಐ ಪೈಪು: ಕೀಳಿಸೋಣವೇ, ಉಳಿಸೋಣವೇ?

ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲು, ಶೌಚಾಲಯದ ನೀರು ಇನ್ನೂ ಬೀಡು ಕಬ್ಬಿಣದ (ಸಿಐ) ಕೊಳವೆಗಳಲ್ಲೇ ಇಳಿಯುತ್ತಿದೆ. ಇವನ್ನು ಪೂರ್ತಿ ಬದಲಿಸಬೇಕೆ?

ಪರ
(ನೆಲಮಹಡಿಯ ನಿವಾಸಿ, ನಿವಾಸಿಗಳ ಸಂಘದ ಮಾಜಿ ಕಾರ್ಯದರ್ಶಿ)

ಬದಲಿಸಲೇಬೇಕು. ಸಭೆಯಲ್ಲಿ ಈ ವಿಷಯ ಎತ್ತಿದಾಗಲೆಲ್ಲ ಮೇಲಿನ ಮಹಡಿಯವರು ‘ಸೋರುವ ಕಡೆ ಎಂ-ಸೀಲ್ ಹಾಕಿಸಿ’ ಎಂದು ಎದ್ದು ಹೋಗುತ್ತಾರೆ. ಸೋರುವುದು ಅವರ ಬಚ್ಚಲಿನಿಂದ, ತೊಟ್ಟಿಕ್ಕುವುದು ನಮ್ಮ ಅಡುಗೆಮನೆಯೊಳಕ್ಕೆ.

ಬೀಡು ಕಬ್ಬಿಣ ಹಾಳಾಗುವ ಬಗೆಯನ್ನು ಅವರು ಒಮ್ಮೆ ಕಣ್ಣಾರೆ ನೋಡಬೇಕು. ಅದರಲ್ಲಿ ಕಬ್ಬಿಣದ ಜೊತೆ ಗ್ರಾಫೈಟ್ ಬೆರೆತಿರುತ್ತದೆ. ವರ್ಷಗಟ್ಟಲೆ ತೇವದಲ್ಲಿದ್ದರೆ ಕಬ್ಬಿಣ ಕರಗಿಹೋಗಿ ಗ್ರಾಫೈಟಿನ ಹಂದರವಷ್ಟೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಪೈಪು ನೆಟ್ಟಗೇ ಇದೆ! ನಮ್ಮಲ್ಲಿ ಪೈಪುಗಳು ಇಳಿಯುವ ಡಕ್ಟಿನ ಬುಡದಲ್ಲಿ ಪ್ಲಂಬರ್ ಬಣ್ಣ ಕೆರೆದು ಸ್ಕ್ರೂಡ್ರೈವರ್ ಒತ್ತಿದ. ಪೆನ್ಸಿಲ್ ಕಡ್ಡಿಯಂಥ ಕಪ್ಪು ಪುಡಿ ಉದುರಿ, ತುದಿ ಒಳಕ್ಕೆ ಇಳಿದೇಬಿಟ್ಟಿತು. ಅದೇ ಪೈಪಿಗೆ ಹಿಂದಿನ ವರ್ಷ ಬಣ್ಣ ಹೊಡೆಸಿ ‘ದುರಸ್ತಿ ಆಯಿತು’ ಎಂದು ಲೆಕ್ಕ ಬರೆದಿದ್ದರು.

ಒಳಗಿನಿಂದಲೂ ಪೆಟ್ಟು ಬೀಳುತ್ತಲೇ ಇರುತ್ತದೆ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಪೈಪಿನ ಒದ್ದೆ ಗೋಡೆಯಲ್ಲಿ ಬ್ಯಾಕ್ಟೀರಿಯಾಗಳ ದೆಸೆಯಿಂದ ಗಂಧಕಾಮ್ಲವಾಗುತ್ತದೆ. ಅದಕ್ಕೇ ಅಡ್ಡ ಮಲಗಿರುವ ಪೈಪಿನಲ್ಲಿ ನೀರು ಹರಿಯುವ ತಳ ಮಾತ್ರವಲ್ಲ, ನೀರು ತಾಗದ ನೆತ್ತಿಯೂ ಸವೆಯುತ್ತದೆ. ಒಳಗೂ ಇಲ್ಲ, ಹೊರಗೂ ಇಲ್ಲ ಎಂದ ಮೇಲೆ ನಿಮ್ಮ ತೇಪೆ ಯಾವುದಕ್ಕೆ ಅಂಟಿಕೊಳ್ಳಬೇಕು? ಒಂದು ಕಡೆ ಬಿಗಿ ಮಾಡಿದರೆ ಎರಡು ಅಡಿ ಕೆಳಗೆ ಬಿರುಕು ಬಿಡುತ್ತದೆ. ಸೆಣಬು ತುರುಕಿ ಸೀಸ ಕಾಸಿ ಹೊಯ್ದ ಜಾಯಿಂಟುಗಳು ಬಾಯಿಬಿಟ್ಟು, ಸಂದಿನಲ್ಲಿ ಅರಳಿ ಗಿಡ ಬೇರು ಬಿಟ್ಟಿದೆ. ಗಿಡ ಕಿತ್ತರೆ ಜಾಯಿಂಟೇ ಕೈಗೆ ಬರುತ್ತದೆ.

ಬದಲಿಗೆ ಹಾಕುವ ಪಿವಿಸಿ ಬಿಸಿಲಿಗೆ ಹಾಳಾಗುತ್ತದೆ ಎನ್ನುವವರಿಗೆ ಒಂದೇ ಮಾತು: ಡಕ್ಟಿನೊಳಗೆ ಬಿಸಿಲೆಲ್ಲಿದೆ? ಐಎಸ್ 13592 ಮುದ್ರೆಯ ಟೈಪ್ ಬಿ ಪೈಪನ್ನೇ ತರಿಸಿ. ಅಗ್ಗವೆಂದು ಮಳೆನೀರಿನ ಟೈಪ್ ಎ ತರಬೇಡಿ. ಪಿವಿಸಿ ಸದ್ದು ಮಾಡುತ್ತದೆ, ಹೌದು. ನಾನು ಮಲಗುವ ಕೋಣೆ ಡಕ್ಟಿಗೆ ಅಂಟಿಕೊಂಡೇ ಇದೆ, ಮೇಲಿನವರು ಫ್ಲಶ್ ಮಾಡಿದಾಗಲೆಲ್ಲ ಎಚ್ಚರವಾಗಬಹುದು. ಆಗಲಿ. ಖರ್ಚಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ: ಎಲ್ಲರೂ ಬಳಸುವ ವ್ಯವಸ್ಥೆ ಎಲ್ಲರದು. ಮೇಲಿನವರೂ ಪಾಲು ಕೊಡಲಿ.

ವಿರೋಧ
(ನಿವೃತ್ತ ಸಿವಿಲ್ ಎಂಜಿನಿಯರ್)

ಪೂರ್ತಿ ಬದಲಿಸುವ ಅಗತ್ಯವಿಲ್ಲ. ಮೊದಲು ಕ್ಯಾಮೆರಾ ಇಳಿಸಿ ನೋಡಬೇಕು. ನೆಟ್ಟಗೆ ನಿಂತ ಪೈಪಿನಲ್ಲಿ ನೀರು ತಂಗುವುದಿಲ್ಲವಾದ್ದರಿಂದ ಅದು ಅಡ್ಡ ಪೈಪಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಇನ್ನು ಬೆಂಕಿಯ ವಿಚಾರ. ಬೀಡು ಕಬ್ಬಿಣ ಉರಿಯುವುದಿಲ್ಲ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಡಕ್ಟಿನ ಮೂಲಕ ಎಲ್ಲ ಮಹಡಿಗೂ ಏರುತ್ತದೆ. ಬಿಸಿನೀರನ್ನೂ ಅದು ಬೀಡಿನಷ್ಟು ತಾಳುವುದಿಲ್ಲ. ಬದಲಿಸುವುದೆಂದರೆ ಪ್ರತಿ ಮನೆಯ ಬಚ್ಚಲಿನ ತಗ್ಗಿಸಿ ಕಟ್ಟಿದ ನೆಲ (ಸಂಕನ್ ಸ್ಲ್ಯಾಬ್) ಅಗೆಯಬೇಕು. ವಾಟರ್‌ಪ್ರೂಫಿಂಗ್ ಹಾಳಾದರೆ ಇಲ್ಲದ ಸೋರಿಕೆ ಶುರುವಾಗುತ್ತದೆ.

ಕೀಳದೆ ಸರಿಪಡಿಸುವ ವಿಧಾನವೂ ಇದೆ. ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೆಯ ಪೈಪಿನೊಳಗೆ ತೂರಿಸಿ ಗಟ್ಟಿಯಾಗಿಸುವ ಈ ಕ್ರಮವನ್ನು 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಮೊದಲು ಮಾಡಿದ್ದು. ಆದರೆ ಅದಕ್ಕೆ ಮುಂಚೆ ಒಳಗಿನ ತುಕ್ಕನ್ನು ಪೂರಾ ಕೆರೆಯಬೇಕು. ಕೆರೆಯುವಾಗಲೇ ಗೋಡೆ ಕುಸಿದರೆ ಪ್ರಯೋಜನವಿಲ್ಲ. ಮಹಡಿಗೊಂದರಂತೆ ಕವಲುಗಳಿರುವ ಪೈಪಿನಲ್ಲಿ ಪ್ರತಿ ಕವಲಿನ ಬಾಯಿಯನ್ನೂ ಮತ್ತೆ ಕೊರೆದು ತೆರೆಯಬೇಕು. ಸಣ್ಣ ಸಂಘಗಳಿಗೆ ಇದು ಹಗುರ ಖರ್ಚಲ್ಲ.

ಆದ್ದರಿಂದ ನಿಂತ ಪೈಪು ಗಟ್ಟಿಯಿದ್ದರೆ ಉಳಿಸಿ, ಕೆಟ್ಟ ತುಂಡುಗಳನ್ನು ಮಾತ್ರ ಐಎಸ್ 3989ರ ಸ್ಪನ್ ಬೀಡು ಪೈಪಿನಿಂದ ಬದಲಿಸಿ. ಸ್ಕ್ರೂಡ್ರೈವರ್ ಇಳಿಯುವಷ್ಟು ಮೆತ್ತಗಾದ ಪೈಪಿಗೆ ನಾನೂ ತೇಪೆ ಹೇಳುವುದಿಲ್ಲ. ನೆಲಮಹಡಿಯ ಅಡ್ಡ ಪೈಪು, ಬಚ್ಚಲ ನೆಲದ ನಹಾನಿ ಟ್ರ್ಯಾಪಿನ ಸುತ್ತಲಿನದು ಮಳೆಗಾಲಕ್ಕೆ ಮುಂಚೆ ಹೋಗಲಿ. ಅಲ್ಲಿ ಪಿವಿಸಿಯನ್ನೇ ಹಾಕುವುದಾದರೆ, ಬೀಡಿಗೆ ಅದು ಸೇರುವ ಕಡೆ ರಬ್ಬರ್ ಕಪ್ಲಿಂಗ್ ಇರಬೇಕು, ಸಿಮೆಂಟ್ ಮೆತ್ತಿಸಬೇಡಿ.