ಓಪನ್ ಮಾಡೋದಾ, ಸೇವ್ ಮಾಡೋದಾ? ಇದು ಚಳವಳಿಯ ಪ್ರಶ್ನೆ



ಚಳವಳಿ ಬಗ್ಗೆ ಬರೆಯೋದು ಬಿಟ್ಟು ಇವತ್ತು ಬ್ರೌಸರ್ ಸೆಟ್ಟಿಂಗ್ ಬಗ್ಗೆ ಬರೀತಿದ್ದಾನಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ಇಂಟರ್ನೆಟ್‌ನಿಂದ ಇಳಿದ ಒಂದು ಫೈಲನ್ನ ತೆರೀಬೇಕಾ, ಉಳಿಸಬೇಕಾ, ಎಸೀಬೇಕಾ ಅಂತ ತೀರ್ಮಾನ ಮಾಡೋರು ಯಾರು? ನಾವಾ, ಯಂತ್ರಾನಾ, ಇಲ್ಲಾ ಆ ಫೈಲ್ ಕಳಿಸಿದವನಾ? ಇದು ಬರೀ ಟೆಕ್ನಿಕಲ್ ವಿಷಯ ಅಂತ ನಾನು ಒಪ್ಪಲ್ಲ. ನಮ್ಮ ಸಂಘಟನೆಗಳ ಸಭೆಯಲ್ಲಿ ಚರ್ಚೆ ಆಗ್ಬೇಕಾದ ವಿಷಯ ಇದು.

ಯಾಕೆ ಅಂತ ಹೇಳೋಕೆ ಭೀಮಾ ಕೋರೆಗಾಂವ್ ಪ್ರಕರಣವನ್ನೇ ತಗೊಳ್ಳೋಣ. 2018ರ ಜೂನ್‌ನಲ್ಲಿ ಪುಣೆ ಪೊಲೀಸರು ರೋನಾ ವಿಲ್ಸನ್, ಸುಧೀರ್ ಧವಳೆ, ವಕೀಲ ಸುರೇಂದ್ರ ಗಾಡ್ಲಿಂಗ್ ಮುಂತಾದವರನ್ನ ಬಂಧಿಸಿದರು. ಆನಂದ್ ತೇಲ್ತುಂಬ್ಡೆ ಅವರೂ ಸೇರಿ ಒಟ್ಟು 16 ಜನ ಜೈಲು ಸೇರಿದರು. ಮುಖ್ಯ ಸಾಕ್ಷಿ ಅಂತ ತೋರಿಸಿದ್ದು ಕಂಪ್ಯೂಟರಲ್ಲಿ ಸಿಕ್ಕ ಪತ್ರಗಳನ್ನ. 2021ರ ಫೆಬ್ರವರಿಯಲ್ಲಿ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಅನ್ನೋ ಡಿಜಿಟಲ್ ಫೊರೆನ್ಸಿಕ್ ಸಂಸ್ಥೆಯ ವರದಿ ಹೊರಬಂತು. ಅದು ಹೇಳಿದ್ದು ಇಷ್ಟು: 2016ರ ಜೂನ್ 13ರಂದು ರೋನಾ ವಿಲ್ಸನ್‌ಗೆ ವರವರ ರಾವ್ ಅವರ ಇಮೇಲ್ ಖಾತೆಯಿಂದ ಒಂದು ಮೇಲ್ ಬಂತು. ಅದರಲ್ಲಿದ್ದ ಫೈಲು ಒಂದು ಆರ್‌ಎಆರ್ ಕಟ್ಟು. ತೆರೆದಾಗ ಕಣ್ಣಿಗೆ ಕಂಡಿದ್ದು ಒಂದು ಸಾಮಾನ್ಯ ದಾಖಲೆ. ಹಿಂದೆ ಸದ್ದಿಲ್ಲದೆ ಕೂತಿದ್ದು ನೆಟ್‌ವೈರ್ ಅನ್ನೋ ಮಾಲ್‌ವೇರ್. ಅದರ ಮೂಲಕವೇ ಆ ಪತ್ರಗಳನ್ನ ಲ್ಯಾಪ್‌ಟಾಪಿನ ಬಚ್ಚಿಟ್ಟ ಫೋಲ್ಡರಿಗೆ ಹಾಕಲಾಯ್ತು ಅನ್ನೋದು ವರದಿಯ ತೀರ್ಮಾನ. ಗಾಡ್ಲಿಂಗ್ ಅವರ ಕಂಪ್ಯೂಟರು, ಕಸ್ಟಡಿಯಲ್ಲೇ ತೀರಿಕೊಂಡ ಸ್ಟ್ಯಾನ್ ಸ್ವಾಮಿಯವರ ಕಂಪ್ಯೂಟರು ಕೂಡ ಹೀಗೇ ಹ್ಯಾಕ್ ಆಗಿತ್ತು ಅಂತ ಅದೇ ಸಂಸ್ಥೆ ಆಮೇಲೆ ಹೇಳ್ತು. ತನಿಖಾ ಸಂಸ್ಥೆ ಎನ್‌ಐಎ ಈ ವರದಿಗಳನ್ನ ಒಪ್ಪಿಲ್ಲ. ಧವಳೆ ಮತ್ತು ವಿಲ್ಸನ್‌ಗೆ ಬಾಂಬೆ ಹೈಕೋರ್ಟ್ ಜಾಮೀನು ಕೊಟ್ಟಿದ್ದು 2025ರ ಜನವರಿಯಲ್ಲಿ. ಅಷ್ಟರಲ್ಲಿ ಆರೂವರೆ ವರ್ಷ ಕಳೆದಿತ್ತು.

2022ರಲ್ಲಿ ಸೆಂಟಿನೆಲ್‌ಒನ್ ಅನ್ನೋ ಸೈಬರ್ ಭದ್ರತಾ ಸಂಸ್ಥೆ ಇನ್ನೊಂದು ವರದಿ ಕೊಡ್ತು. ಭಾರತದ ಹೋರಾಟಗಾರರು, ವಕೀಲರು, ಪತ್ರಕರ್ತರು, ಪ್ರಾಧ್ಯಾಪಕರ ಮೇಲೆ ಒಂದೇ ಗುಂಪು ಸುಮಾರು ಹತ್ತು ವರ್ಷ ಹೀಗೆ ಫೈಲ್ ಕಳಿಸ್ತಾ ಇತ್ತು ಅಂತ. ಆ ಗುಂಪಿನ ವಿಧಾನ ಗಮನಿಸಿ. 2013ರ ಹೊತ್ತಿಗೆ ಕಳಿಸ್ತಿದ್ದಿದ್ದು ಎರಡೆರಡು ಬಾಲ ಇರೋ ಫೈಲು: ಹೆಸರು, ಆಮೇಲೆ ಡಾಟ್ ಪಿಡಿಎಫ್, ಆಮೇಲೆ ಡಾಟ್ ಇಎಕ್ಸ್‌ಇ. ನೋಡೋರಿಗೆ ಪಿಡಿಎಫ್, ಅಸಲಿಗೆ ಪ್ರೋಗ್ರಾಂ. 2015ರ ನಂತರ ವರ್ಡ್ ಫೈಲು, ಪ್ರೆಸೆಂಟೇಶನ್ನು, ಪಾಸ್‌ವರ್ಡ್ ಹಾಕಿದ ಆರ್‌ಎಆರ್. ಅಂದ್ರೆ ನಮಗೆ ದಿನಾ ಬರೋ ಕರಪತ್ರ, ಸತ್ಯಶೋಧನಾ ವರದಿ, ಸೆಮಿನಾರ್ ಆಹ್ವಾನ ಯಾವ ರೂಪದಲ್ಲಿ ಬರುತ್ತೋ ಅದೇ ರೂಪ. ನಮ್ಮ ನಂಬಿಕೆಯನ್ನೇ ಬಾಗಿಲು ಮಾಡ್ಕೊಂಡಿದ್ದಾರೆ.

ಈಗ ಬ್ರೌಸರಿಗೆ ಬರೋಣ. ನಾವು ಒಂದು ಲಿಂಕ್ ಒತ್ತಿದಾಗ ಆ ಕಡೆಯ ಸರ್ವರ್ ಫೈಲಿನ ಜೊತೆ ಒಂದು ಚೀಟಿ ಕಳಿಸುತ್ತೆ: ಇದು ಪಿಡಿಎಫ್, ಇದು ಚಿತ್ರ, ಇದು ಜಿಪ್ ಅಂತ. "ಇದನ್ನ ತೋರಿಸಬೇಡ, ನೇರ ಡೌನ್‌ಲೋಡ್ ಮಾಡು" ಅಂತಲೂ ಆ ಚೀಟಿಯಲ್ಲಿ ಹೇಳಬಹುದು. ಬ್ರೌಸರು ಆ ಚೀಟಿ ನೋಡಿ, ತನ್ನ ಸೆಟ್ಟಿಂಗ್ ನೋಡಿ, ತಾನೇ ತೋರಿಸ್ಬೇಕಾ, ಬೇರೆ ಪ್ರೋಗ್ರಾಂಗೆ ಒಪ್ಪಿಸ್ಬೇಕಾ, ಸುಮ್ನೆ ಉಳಿಸ್ಬೇಕಾ ಅಂತ ತೀರ್ಮಾನ ಮಾಡುತ್ತೆ. ಚೀಟಿ ಬರೆಯೋನು ಕಳಿಸಿದವನು. ಸೆಟ್ಟಿಂಗ್ ಮಾತ್ರ ನಮ್ಮ ಕೈಲಿದೆ. ನಾವು ಅದನ್ನ ಮುಟ್ಟದೇ ಬಿಟ್ರೆ ಕಂಪನಿ ಇಟ್ಟಿದ್ದೇ ಸೆಟ್ಟಿಂಗು. ಫೈರ್‌ಫಾಕ್ಸ್ ಮೊದಲು ಹಲವು ಬಗೆಯ ಫೈಲಿಗೆ "ತೆರೀಲಾ, ಉಳಿಸ್ಲಾ" ಅಂತ ಕೇಳ್ತಿತ್ತು. 2022ರ ಮಾರ್ಚ್‌ನಲ್ಲಿ ಬಂದ 98ನೇ ಆವೃತ್ತಿಯಿಂದ ಕೇಳೋದು ಬಿಟ್ಟು ನೇರ ಇಳಿಸೋಕೆ ಶುರು ಮಾಡ್ತು. ಒಂದು ಪ್ರಶ್ನೆ ಕಡಿಮೆ ಆದ್ರೆ ಅನುಕೂಲ ಅಂತ ಅವರ ಲೆಕ್ಕ. ನಮ್ಮಂಥವರಿಗೆ ಆ ಪ್ರಶ್ನೆ ಬೇಕು. ಒಂದು ಕ್ಷಣ ನಿಂತು "ಇದು ಯಾರು ಕಳಿಸಿದ್ದು, ಯಾಕೆ ಕಳಿಸಿದ್ದು" ಅಂತ ಯೋಚಿಸೋಕೆ ಅದೊಂದೇ ಜಾಗ.

ಆದ್ದರಿಂದ ಇವತ್ತೇ ಮಾಡಬೇಕಾದ್ದು ಇಷ್ಟು.

1. ಫೈರ್‌ಫಾಕ್ಸ್ ಇದ್ರೆ ಸೆಟ್ಟಿಂಗ್ಸ್, ಜನರಲ್ ಒಳಗೆ ಫೈಲ್ಸ್ ಅಂಡ್ ಅಪ್ಲಿಕೇಶನ್ಸ್ ನೋಡಿ. ಯಾವ ಬಗೆಯ ಫೈಲಿಗೆ ಏನು ಮಾಡ್ಬೇಕು ಅಂತ ಪಟ್ಟಿ ಇರುತ್ತೆ. ವರ್ಡ್, ಜಿಪ್ ಮುಂತಾದವಕ್ಕೆ "ಆಲ್ವೇಸ್ ಆಸ್ಕ್" ಇಡಿ. ಅದರ ಕೆಳಗೆ ಪಟ್ಟಿಯಲ್ಲಿಲ್ಲದ ಉಳಿದ ಫೈಲುಗಳ ಪ್ರಶ್ನೆ ಇದೆ. ಅಲ್ಲೂ ಕೇಳು ಅಂತಲೇ ಇಡಿ.

2. ಕ್ರೋಮ್ ಇದ್ರೆ ಸೆಟ್ಟಿಂಗ್ಸ್, ಡೌನ್‌ಲೋಡ್ಸ್. ಪ್ರತಿ ಫೈಲ್ ಎಲ್ಲಿ ಉಳಿಸ್ಬೇಕು ಅಂತ ಮೊದಲೇ ಕೇಳೋ ಆಯ್ಕೆಯನ್ನ ಆನ್ ಮಾಡಿ. ಯಾವಾಗಲೋ "ಈ ಬಗೆಯ ಫೈಲ್ ಯಾವಾಗಲೂ ತೆರೆ" ಅಂತ ಒತ್ತಿದ್ರೆ ಅದನ್ನ ಅಳಿಸೋ ಕ್ಲಿಯರ್ ಬಟನ್ ಅಲ್ಲೇ ಇರುತ್ತೆ. ಒತ್ತಿಬಿಡಿ.

3. ಪಿಡಿಎಫ್ ಓದೋಕೆ ಬ್ರೌಸರೇ ಸಾಕು. ಕ್ರೋಮು, ಫೈರ್‌ಫಾಕ್ಸು ಎರಡರಲ್ಲೂ ಪಿಡಿಎಫ್ ತೋರಿಸೋ ವ್ಯವಸ್ಥೆ ಒಳಗೇ ಇದೆ. ಹಳೇ, ಅಪ್ಡೇಟ್ ಆಗದ ರೀಡರ್‌ಗಿಂತ ಅದು ವಾಸಿ.

4. ವಿಂಡೋಸ್ ತಾನಾಗಿ ಫೈಲಿನ ಕೊನೇ ಬಾಲವನ್ನ ಮುಚ್ಚಿಡುತ್ತೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್" ಆನ್ ಮಾಡಿ. ಎರಡು ಬಾಲದ ಮೋಸ ಆಗ ಕಣ್ಣಿಗೇ ಬೀಳುತ್ತೆ.

5. ಮೊಬೈಲಲ್ಲಿ ಅಪರಿಚಿತ ಆಪ್ ಹಾಕೋ ಅನುಮತಿ ಕ್ರೋಮ್‌ಗೆ, ವಾಟ್ಸಾಪ್‌ಗೆ ಎರಡಕ್ಕೂ ಆಫ್ ಇರಲಿ. ಮದುವೆ ಕಾರ್ಡು, ಟ್ರಾಫಿಕ್ ದಂಡದ ನೋಟಿಸು ಅಂತ ಬರೋ ಎಪಿಕೆ ಫೈಲು ಕಾರ್ಡೂ ಅಲ್ಲ, ನೋಟಿಸೂ ಅಲ್ಲ. ಅದು ಆಪ್.

ಇಷ್ಟು ಮಾಡಿದ್ರೆ ಯಾರೂ ನಮ್ಮನ್ನ ಮುಟ್ಟೋಕಾಗಲ್ಲ ಅಂತ ನಾನು ಹೇಳ್ತಿಲ್ಲ. 2021ರಲ್ಲಿ ಬಯಲಾದ ಪೆಗಾಸಸ್ ತರದ ಅಸ್ತ್ರಕ್ಕೆ ನಾವು ಏನನ್ನೂ ಒತ್ತೋದೇ ಬೇಕಿಲ್ಲ. ಪರಿಚಯದವರ ಖಾತೆಯಿಂದಲೇ ಬಂದ ಫೈಲನ್ನ ಉಳಿಸಿ ಆಮೇಲೆ ತೆರೆದ್ರೂ ಅಪಾಯ ಅಪಾಯವೇ. ಅದಕ್ಕೇ ಸೆಟ್ಟಿಂಗಿನ ಜೊತೆ ಒಂದು ರೂಢಿನೂ ಬೇಕು: ಕೇಳದೇ ಬಂದ ಫೈಲಿಗೆ, ಅದರಲ್ಲೂ ಪಾಸ್‌ವರ್ಡ್ ಹಾಕಿ ಕಳಿಸಿದ ಕಟ್ಟಿಗೆ, ಮೊದಲು ಕಳಿಸಿದವರಿಗೆ ಒಂದು ಫೋನ್. "ಅಣ್ಣಾ, ನೀವೇ ಕಳ್ಸಿದ್ರಾ?" ಅಂತ ಕೇಳೋಕೆ ನಾಚಿಕೆ ಯಾಕೆ? ಬೀಗ ಹಾಕಿದ್ರೂ ಕಳ್ಳತನ ಆಗಬಹುದು. ಹಾಗಂತ ಯಾರೂ ಬಾಗಿಲು ತೆರೆದಿಟ್ಟು ಮಲಗಲ್ಲ.

ಇದರ ಇನ್ನೊಂದು ಮುಖ ಸಾಕ್ಷಿಗೆ ಸಂಬಂಧಪಟ್ಟದ್ದು. ದೌರ್ಜನ್ಯ ಪ್ರಕರಣಗಳಲ್ಲಿ ಓಡಾಡೋ ಕಾರ್ಯಕರ್ತರು ದಯವಿಟ್ಟು ಗಮನಿಸಿ. 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆ ಕೊಡುವಾಗ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಬರೀಬೇಕು. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು ಇದ್ದಂಗೆ. ಒಳಗೆ ಒಂದಕ್ಷರ ಬದಲಾದ್ರೂ ಅದು ಬೇರೆಯಾಗುತ್ತೆ. ಬಹಿಷ್ಕಾರದ ವಿಡಿಯೋ, ಬೆದರಿಕೆಯ ಆಡಿಯೋ, ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ಪೊಲೀಸ್ ವೆಬ್‌ಸೈಟಿಗೆ ಹಾಕೋ ಎಫ್‌ಐಆರ್ ಪ್ರತಿ, ಇವನ್ನ ಬ್ರೌಸರಲ್ಲಿ ತೆರೆದು ಸ್ಕ್ರೀನ್‌ಶಾಟ್ ಹೊಡೆದ್ರೆ, ಪ್ರಿಂಟ್ ಆಯ್ಕೆಯಿಂದ ಮತ್ತೆ ಪಿಡಿಎಫ್ ಮಾಡಿದ್ರೆ, ಅದು ಮೂಲ ಫೈಲ್ ಅಲ್ಲ. ವಾಟ್ಸಾಪಲ್ಲಿ ಫೋಟೋ, ವಿಡಿಯೋ ಅಂತ ಕಳಿಸಿದ್ರೆ ಅದು ಕುಗ್ಗಿಸಿ ಕಳಿಸುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ. ಮೂಲವನ್ನ ನೇರ ಡೌನ್‌ಲೋಡ್ ಮಾಡಿ, ಹೆಸರು, ತಾರೀಖು ಬರೆದಿಟ್ಟು, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ವಕೀಲರ ಹತ್ರ ಇರಲಿ. ನೊಂದ ಕುಟುಂಬದ ಮಾತನ್ನೇ ನಂಬದ ವ್ಯವಸ್ಥೆ, ನಾವು ಕೊಟ್ಟ ಫೈಲಲ್ಲಿ ಹುಳುಕು ಹುಡುಕದೇ ಬಿಡುತ್ತಾ?

ಸೈಬರ್ ಸೆಂಟರ್ ಕಥೆ ಇದಕ್ಕಿಂತ ಬೇರೆ ಅಲ್ಲ. ನಮ್ಮ ಹಾಸ್ಟೆಲ್ ಮಕ್ಕಳು ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಅಲ್ಲಿಗೇ ಹೋಗ್ತಾರೆ. ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಎಲ್ಲಾ ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಲ್ಲಿ ಇಳಿದು ಅಲ್ಲೇ ಉಳಿಯುತ್ತೆ. ಇನ್‌ಕಾಗ್ನಿಟೋ ಕಿಟಕಿ ತೆಗೆದಿದ್ರೂ ಅಷ್ಟೇ. ಕಿಟಕಿ ಮುಚ್ಚಿದ್ರೆ ಹಿಸ್ಟರಿ ಹೋಗುತ್ತೆ, ಇಳಿದ ಫೈಲ್ ಹೋಗಲ್ಲ. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆ ಅಂತ ಸಮಾಧಾನ ಬೇಡ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಇಷ್ಟೇ ಅದು. ಯಾರು ಬೇಕಾದ್ರೂ ಊಹಿಸಬಹುದು. ಬಾಡಿಗೆ ಮನೆ ಕೇಳೋಕೆ ಹೋದಾಗ ಜಾತಿ ಮುಚ್ಚಿಡಬೇಕಾದ ಸ್ಥಿತಿ ಇನ್ನೂ ಇರೋ ಊರುಗಳಲ್ಲಿ, ನಮ್ಮ ಮಕ್ಕಳ ಜಾತಿ ಪ್ರಮಾಣಪತ್ರ ಪರರ ಕಂಪ್ಯೂಟರಲ್ಲಿ ಬಿದ್ದಿರೋದು ಸಣ್ಣ ವಿಷಯನಾ? ಎದ್ದು ಬರೋ ಮುಂಚೆ ಫೈಲ್ ಅಳಿಸಿ, ರೀಸೈಕಲ್ ಬಿನ್ನೂ ಖಾಲಿ ಮಾಡಿಸಿ. ಇದನ್ನ ಪ್ರತಿ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಅಂಟಿಸ್ಬೇಕು.

"ನಮ್ಮ ಜನಕ್ಕೆ ಭೂಮಿ ಇಲ್ಲ, ಸ್ಮಶಾನಕ್ಕೆ ಜಾಗ ಇಲ್ಲ, ನೀನು ಬ್ರೌಸರ್ ಅಂತೀಯಲ್ಲಪ್ಪ" ಅಂತ ಹಿರಿಯರೊಬ್ಬರು ಕೇಳಿದ್ರು. ಆ ಮಾತಿನ ಸಿಟ್ಟು ನನಗೆ ಅರ್ಥ ಆಗುತ್ತೆ. ಆದ್ರೆ ಆ ಭೂಮಿಯ ಪಹಣಿ ಇವತ್ತು ಪಿಡಿಎಫ್ ಆಗಿ ಬರುತ್ತೆ. ಸ್ಮಶಾನಕ್ಕೆ ಕೊಟ್ಟ ಅರ್ಜಿಯ ಉತ್ತರ ಮೇಲ್‌ನಲ್ಲಿ ಬರುತ್ತೆ. ಬಾಬಾಸಾಹೇಬರ ಬರಹ ಮತ್ತು ಭಾಷಣಗಳ ಇಂಗ್ಲಿಷ್ ಸಂಪುಟಗಳು ವಿದೇಶಾಂಗ ಸಚಿವಾಲಯದ ವೆಬ್‌ಸೈಟಲ್ಲೇ ಪುಕ್ಕಟೆ ಪಿಡಿಎಫ್ ಆಗಿ ಸಿಗುತ್ತೆ. ಒಂದು ಕಾಲಕ್ಕೆ ಅಕ್ಷರ ನಮ್ಮ ಕೈಗೆ ಸಿಗದಂಗೆ ತಡೆದ್ರು. ಈಗ ಅಕ್ಷರ ಫೈಲಾಗಿ ಬರ್ತಿದೆ. ಅದನ್ನ ಇಳಿಸೋದು, ತೆರೆಯೋದು, ಕಾಪಾಡೋದು ಸಂಘಟನೆಯಲ್ಲಿ ಒಬ್ಬ "ಕಂಪ್ಯೂಟರ್ ಹುಡುಗ"ನಿಗೆ ಮಾತ್ರ ಗೊತ್ತಿದ್ರೆ, ಉಳಿದವರೆಲ್ಲ ಅವನ ಮುಂದೆ ಕೈಕಟ್ಟಿ ನಿಲ್ಲಬೇಕು. ಜ್ಞಾನ ಒಬ್ಬನ ಸ್ವತ್ತಾಗಬಾರದು ಅಂತ ಬೀದಿಲಿ ಹೇಳೋರು ನಮ್ಮ ಆಫೀಸಿನೊಳಗೆ ಅದನ್ನೇ ನಡೆಸೋದು ಸರಿಯಲ್ಲ.

ಸರ್ಕಾರಕ್ಕೂ ಒಂದು ಮಾತು. ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ವರ್ಡ್ ಫೈಲು ನಮ್ಮ ಹುಡುಗರ ಮೊಬೈಲಲ್ಲಿ ಬರೀ ಚಿತ್ರವಿಚಿತ್ರ ಗೆರೆಗಳಾಗಿ ಕಾಣುತ್ತೆ. ಓದೋಕಾಗಲಿಲ್ಲ ಅಂತ ಸಿಕ್ಕ ಸಿಕ್ಕ ಆಪ್ ಹಾಕ್ತಾರೆ. ಅಪಾಯ ಶುರುವಾಗೋದು ಅಲ್ಲೇ. ಸವಲತ್ತಿನ ಆದೇಶ, ಅರ್ಜಿ ಎಲ್ಲವೂ ಯೂನಿಕೋಡ್ ಕನ್ನಡದಲ್ಲಿ, ಯಾವ ಮೊಬೈಲಲ್ಲೂ ತೆರೆಯೋ ಪಿಡಿಎಫ್ ಆಗಿ ಬರಬೇಕು. ಇದು ನಮ್ಮ ಹಕ್ಕೊತ್ತಾಯ.

ನನ್ನ ಮನವಿ ಸರಳ. ಮುಂದಿನ ತಾಲ್ಲೂಕು ಸಭೆಯಲ್ಲಿ ಒಂದು ಗಂಟೆ ಇದಕ್ಕೆ ಇಡಿ. ಎಲ್ಲರೂ ಅವರವರ ಮೊಬೈಲು, ಲ್ಯಾಪ್‌ಟಾಪು ಹಿಡ್ಕೊಂಡು ಬರಲಿ, ಮೇಲಿನ ಐದನ್ನ ಕೂತಲ್ಲೇ ಮಾಡಲಿ. ಹೆಣ್ಣುಮಕ್ಕಳು, ಹಾಸ್ಟೆಲ್ ವಿದ್ಯಾರ್ಥಿಗಳು ಮುಂದಿನ ಸಾಲಲ್ಲಿ ಕೂರಲಿ. ಕಲಿತವರು ಇನ್ನಿಬ್ಬರಿಗೆ ಕಲಿಸಲಿ.

ಶಿಕ್ಷಣ, ಸಂಘಟನೆ, ಹೋರಾಟ ಅಂತೀವಲ್ಲ, ಇದು ಅದರ ಮೊದಲನೇ ಪದಕ್ಕೆ ಸೇರಿದ ಕೆಲಸ.

ಇಷ್ಟ ಆದ್ರೆ ಕಾಪಿ ಮಾಡಿ ನಿಮ್ಮ ಗ್ರೂಪುಗಳಿಗೆ ಹಾಕಿ. ನನ್ನ ಹೆಸರು ಬೇಕಿಲ್ಲ.

ಜೈಭೀಮ್.