ಸರಪಳಿ ಬಿಚ್ಚಲು ತರಬೇತಿ ಪಡೆದವರು ಬೇಕು

2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಏರ್ವಾಡಿಯ ಗುಡಿಸಲೊಂದಕ್ಕೆ ಬೆಂಕಿ ಬಿತ್ತು. ದರ್ಗಾದ ಆಸುಪಾಸಿನಲ್ಲಿದ್ದ ಆ ಖಾಸಗಿ ಕೇಂದ್ರದಲ್ಲಿ ಮಾನಸಿಕ ರೋಗಿಗಳನ್ನು ಸರಪಳಿಯಿಂದ ಬಂಧಿಸಿಡಲಾಗಿತ್ತು. ಓಡಲಾಗದೆ 28 ಜೀವಗಳು ಬಲಿಯಾದವು. ಅವರನ್ನು ಅಲ್ಲಿಗೆ ಕರೆತಂದವರಲ್ಲಿ ಹೆಚ್ಚಿನವರು ಕಟುಕರೇನಲ್ಲ, ದಿಕ್ಕು ತೋಚದ ಹೆತ್ತವರು ಮತ್ತು ಒಡಹುಟ್ಟಿದವರು. ರೋಗಕ್ಕೆ ಜಿನ್ನ್ ಬಾಧೆಯೆಂದು ಹೆಸರಿಟ್ಟು ಹಣ ಕೀಳುವವರು ಊರೂರಲ್ಲಿದ್ದರು. ರೋಗವನ್ನು ರೋಗವೆಂದು ಗುರುತಿಸಿ ಹೇಳಬಲ್ಲವರು ಮಾತ್ರ ಹತ್ತಿರದಲ್ಲಿರಲಿಲ್ಲ.

ಈ ಕೊರತೆ ಇಂದಿಗೂ ನೀಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿದ್ದರು. ಅವರಲ್ಲಿ ಬಹುತೇಕರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಮನೋವೈದ್ಯರು ವೈದ್ಯಕೀಯ ಪದವೀಧರರು. ಅವರು ಔಷಧಿ ಬರೆಯುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹಾದಿ ಬೇರೆ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬಳಿಕ ಆಸ್ಪತ್ರೆಯಲ್ಲಿ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ತರಬೇತಿ ಪಡೆಯುವುದೇ ದಶಕಗಳಿಂದ ಇದರ ಪ್ರಮುಖ ಮಾರ್ಗ. ರೋಗಿಯ ಪೂರ್ವೇತಿಹಾಸ ಸಂಗ್ರಹ, ಮನೋಪರೀಕ್ಷೆ, ಮಾತಿನ ಮೂಲಕ ಚಿಕಿತ್ಸೆ ಇವೆಲ್ಲವನ್ನೂ ಅವರು ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಯುತ್ತಾರೆ. ತಪ್ಪಿದಾಗ ತಿದ್ದುವವರು ಬಳಿಯಲ್ಲೇ ಇರುತ್ತಾರೆ. ಆ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. ವಾರಾಂತ್ಯದ ಶಿಬಿರದ ಪ್ರಮಾಣಪತ್ರ ಹಿಡಿದು ‘ಕೌನ್ಸೆಲರ್’ ಫಲಕ ತೂಗುಹಾಕುವುದು ಇದಕ್ಕೆ ಸಮನಲ್ಲ. ಆತ್ಮಹತ್ಯೆಯ ಅಂಚಿನಲ್ಲಿರುವವನ ಮುಂದೆ ಅರೆಬರೆ ಜ್ಞಾನ ಅಪಾಯಕಾರಿ.

ಎಂ.ಫಿಲ್. ಪದವಿಯನ್ನು ರದ್ದುಪಡಿಸಿದ ಯುಜಿಸಿ, ಈ ವಿಷಯಕ್ಕೆ 2025-26ನೇ ಸಾಲಿನ ಪ್ರವೇಶದವರೆಗಷ್ಟೇ ವಿನಾಯಿತಿ ನೀಡಿತ್ತು. ಪದವಿಯ ಹೆಸರು ಏನೇ ಇರಲಿ, ರೋಗಿಯ ಎದುರು ಕುಳಿತು ಕಲಿಯುವ ಅವಧಿ ಮೊಟಕಾಗಬಾರದು. ಸೀಟುಗಳು ಹೆಚ್ಚಬೇಕು. ಸರಕಾರದಿಂದ ನಾವು ಕೇಳಬೇಕಾದುದು ಇದನ್ನೇ.

ಆದರೆ ನಮ್ಮ ಹೊಣೆಯ ಮಾತೇನು? ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಬೂ ಝೈದ್ ಅಲ್ ಬಲ್ಖಿ ದೇಹದ ಆರೋಗ್ಯದ ಜೊತೆಗೆ ಮನಸ್ಸಿನ ಆರೋಗ್ಯದ ಕುರಿತೂ ಗ್ರಂಥ ರಚಿಸಿ ಭಯ, ದುಃಖ, ಕೋಪ ಮತ್ತು ಕಾಡುವ ಯೋಚನೆಗಳನ್ನು ಚರ್ಚಿಸಿದ್ದರು. ಆ ಪರಂಪರೆಯ ವಾರಸುದಾರರು ತಾಯಿತದ ಅಂಗಡಿಯ ಮುಂದೆ ಸಾಲುಗಟ್ಟುವುದು ವಿಷಾದನೀಯ. ಪ್ರಾರ್ಥನೆ ವಿಶ್ವಾಸಿಯ ಆಸರೆ, ನಿಜ. ಆದರೆ ಅದು ಚಿಕಿತ್ಸೆಯ ಬಾಗಿಲನ್ನು ಮುಚ್ಚುವ ನೆಪವಾಗಬಾರದು.

ನೋವು ತಾಯಿನುಡಿಯಲ್ಲೇ ಬಾಯಿಬಿಡುತ್ತದೆ. ಬ್ಯಾರಿಯಲ್ಲೋ ಉರ್ದುವಿನಲ್ಲೋ ನವಾಯತಿಯಲ್ಲೋ ಒಬ್ಬ ಗೃಹಿಣಿ ತನ್ನ ಸಂಕಟ ತೋಡಿಕೊಳ್ಳಲು, ಅದನ್ನು ಅರ್ಥೈಸಬಲ್ಲ ತರಬೇತಾದ ಹೆಣ್ಣುಮಗಳೊಬ್ಬಳು ಬೇಕು. ಕಾಲೇಜುಗಳಲ್ಲಿ ನಮ್ಮ ಹುಡುಗಿಯರು ಉತ್ತಮ ಅಂಕ ಗಳಿಸುತ್ತಿದ್ದಾರೆ. ಆದರೆ ನಮ್ಮ ವಿದ್ಯಾರ್ಥಿವೇತನಗಳ ಕಣ್ಣು ಇಂಜಿನಿಯರಿಂಗ್, ಎಂಬಿಬಿಎಸ್‌ಗಳ ಆಚೆ ಹೊರಳುವುದೇ ಅಪರೂಪ. ಪ್ರತಿಯೊಂದು ತಾಲೂಕಿನ ಜಮಾಅತ್‌ಗಳು ಒಟ್ಟಾಗಿ ಒಬ್ಬ ವಿದ್ಯಾರ್ಥಿನಿಯ ಈ ವ್ಯಾಸಂಗದ ವೆಚ್ಚ ಹೊರಲಿ. ಖತೀಬರು ಮನೋರೋಗದ ಲಕ್ಷಣಗಳನ್ನು ಅರಿತು, ರೋಗಿಯನ್ನು ಯೋಗ್ಯರ ಬಳಿ ಕಳುಹಿಸುವುದನ್ನು ಕಲಿಯಲಿ.

ಏರ್ವಾಡಿಯ ಬೆಂಕಿ ಆರಿ ಎರಡು ದಶಕ ದಾಟಿದೆ. ಆ ಸರಪಳಿಯ ಒಂದು ಕೊಂಡಿ ನಮ್ಮ ಉದಾಸೀನವೂ ಆಗಿತ್ತು ಎಂಬುದನ್ನು ನಾವು ಮರೆಯದಿರೋಣ.